ನಾಲ್ಕಾಗಿ ಮಡಿಸಿದ ಟೇಪು

ಹೊಲಿಗೆ ಮೆಷಿನಿನ ಡ್ರಾವರಿನಿಂದ ಹಳೆಯ ಅಳತೆ ಟೇಪು ತೆಗೆದರೆ ಸಾಕು, ಅದು ತಾನಾಗಿಯೇ ನಾಲ್ಕು ಮಡಿಕೆಯಾಗುತ್ತದೆ. ಲವೀನಾ ಕಲಿಸಿದ ಚಾಳಿ ಅದು. ನನಗೊಂದು ರವಿಕೆ ಹೊಲಿಯೋಣವೆಂದು ಹೊರಟವಳು ಇವತ್ತು ಅದನ್ನು ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟೆ.

ಉಪ್ಪಳದಲ್ಲಿ ನನ್ನದೊಂದು ಪುಟ್ಟ ಟೈಲರ್ ಅಂಗಡಿ, ಹಿಂದೆಯೇ ಮನೆ. ಮದುವೆ ಯಾಕಾಗಲಿಲ್ಲ ಎಂದು ನೀವೂ ಕೇಳಬೇಡಿ, ಊರಿಡೀ ಕೇಳಿ ಮುಗಿಸಿಯಾಗಿದೆ. ಪಕ್ಕದ ಮನೆಯ ಲವೀನಾಳಿಗೆ ಆಗ ಒಂಬತ್ತನೇ ಕ್ಲಾಸು. ಭಿನ್ನರಾಶಿ ಎಂದರೆ ಅಂಗೈ ಬೆವರುತ್ತಿತ್ತು. "ಇವಳಿಗೆ ಸ್ವಲ್ಪ ಲೆಕ್ಕ ಹೇಳಿಕೊಡು ಮಾರಾಯ್ತಿ" ಎಂದು ಅವಳಮ್ಮ ತಂದು ಕೂರಿಸಿದರು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನ ಹತ್ತಿರ! ನನಗೆ ಬರುವುದು ರವಿಕೆಯ ಲೆಕ್ಕವೊಂದೇ: ಬಟ್ಟೆಯನ್ನು ನಾಲ್ಕು ಪದರ ಮಡಿಸಿ, ಎದೆಯಳತೆಯ ಕಾಲು ಭಾಗಕ್ಕೆ ಹೊಲಿಗೆಗೆಂದು ಒಂದಿಂಚು ಸೇರಿಸಿ ಕತ್ತರಿಸುವುದು. ಅದನ್ನೇ ಕಲಿಸಿದೆ. ಟೇಪನ್ನು ಎರಡು ಸಲ ಮಡಿಸಿ ಅವಳು ಕಾಲು ಭಾಗ ಓದುತ್ತಿದ್ದಳು.

ಒಂದು ದಿನ ಮೂವತ್ತಮೂರು ಇಂಚಿಗೆ ಮೊದಲೇ ಒಂದು ಸೇರಿಸಿ, ಆಮೇಲೆ ನಾಲ್ಕು ಭಾಗ ಮಾಡಿ, ನನ್ನ ಹೊಸ ರವಿಕೆ ಬಟ್ಟೆಯನ್ನು ಕತ್ತರಿಸಿಯೇ ಬಿಟ್ಟಳು.

"ನನ್ನ ತಲೆಗೆ ಹೋಗುದಿಲ್ಲ ಅಕ್ಕ" ಎಂದು ಅಳತೊಡಗಿದಳು.

"ಅಳುದು ಆಮೇಲೆ. ಎಷ್ಟು ಕಮ್ಮಿ ಆಯ್ತು, ಹೇಳು."

ಮೂಗು ಒರೆಸಿಕೊಂಡು ಟೇಪು ಮಡಿಸಿದಳು. "ಒಂಬತ್ತೂ ಕಾಲು ಬೇಕಿತ್ತು. ಎಂಟೂವರೆ ಉಂಟು. ಪದರಕ್ಕೆ ಮುಕ್ಕಾಲು ಇಂಚು ಕಮ್ಮಿ."

"ಮತ್ತೆ ಎಂತ ಬರುದಿಲ್ಲ ಅಂತ ಹೇಳುದು ನೀನು?"

ಅವತ್ತಿನಿಂದ ಅವಳ ಅಂಗೈ ಬೆವರಲಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಮುಗಿಯಿತೆಂದು ನಾನು ಬಾಯಿ ಬಿಡಲಿಲ್ಲ. ಅವಳು ಬರುವ ಸಂಜೆಗಳಲ್ಲಿ ಎರಡು ಲೋಟ ಚಾ ಮಾಡಲಿಕ್ಕಿತ್ತು. "ಇನ್ನೂ ತೋಳಿನ ಲೆಕ್ಕ ಉಂಟು, ಕುತ್ತಿಗೆಯದ್ದು ಉಂಟು" ಎಂದು ಒಂದೂವರೆ ವರ್ಷ ಎಳೆದೆ.

ಹತ್ತನೇ ಕ್ಲಾಸು ಪಾಸಾಗಿ, ಪಿಯುಸಿಗೆ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದಳು: "ಲೆಕ್ಕ ನನಗೆ ಯಾವಾಗಲೋ ಬಂದಿದೆ ಅಕ್ಕ. ನೀವು ಒಬ್ಬರೇ ಅಂತ ಬರ್ತಾ ಇದ್ದೆ."

ನಾನು ಒಳಗೆ ಹೋಗಿ ಮೆಷಿನು ತುಳಿದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಆಮೇಲೆ ನಾನಾಗಿ ಒಂದು ಫೋನು ಕೂಡ ಮಾಡಲಿಲ್ಲ.

ಇವತ್ತು ಟೇಪಿನ ಒಂದು ತುದಿಯನ್ನು ಹೆಗಲಿಗೆ ಒತ್ತಿ ಹಿಡಿದರೆ ಇನ್ನೊಂದು ಬೆನ್ನ ಹಿಂದೆ ಜಾರುತ್ತದೆ. ಊರಿನ ಬೆನ್ನುಗಳನ್ನೆಲ್ಲ ಅಳೆದವಳಿಗೆ ತನ್ನದನ್ನು ಅಳೆಯಲಾಗುವುದಿಲ್ಲ ನೋಡಿ. ಮೂರು ಸಲ ಜಾರಿದ ಮೇಲೆ ಫೋನು ತೆಗೆದೆ.

"ಲವೀನಾ, ಯಾವಾಗ ಬರ್ತಿ?"

"ಎಂತ ಅಕ್ಕ, ಲೆಕ್ಕ ಉಂಟಾ?"

"ಲೆಕ್ಕ ಎಂತದೂ ಇಲ್ಲ" ಎಂದೆ. "ಒಬ್ಬಳೇ ಇದ್ದು ಬೇಜಾರು. ಬಾ."