ಗಾಳಿಯಿಲ್ಲದ ಕಣ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿ ಆಡುತ್ತೇವೆ. ಕುರ್ತಕೋಟಿಯ ಬೀರವ್ವ ಮಾಡಿ ತೋರಿಸುತ್ತಾಳೆ. ಮಷಿನ್ ಬಂದು ಎಷ್ಟೋ ವರ್ಷವಾದರೂ ಮನೆಮಟ್ಟಿಗೆ ಬೇಕಾದ ಹೆಸರು, ಕಡಲೆಯನ್ನು ಅವಳು ಕಣದಲ್ಲಿ ನಿಂತು ಮೊರದಿಂದಲೇ ತೂರಬೇಕು. ಗಾಳಿ ಬಂತೋ, ಹೊಟ್ಟು ಆಚೆ, ಕಾಳು ಕಾಲ ಬಳಿ. ಗಾಳಿ ಬಿತ್ತೋ, ಮೊರ ಕೆಳಗಿಟ್ಟು ಎಲೆಅಡಿಕೆ ಹಾಕಿಕೊಂಡು ಕೂತುಬಿಡುತ್ತಾಳೆ. ಆಮೇಲೆ ಸಾಕ್ಷಾತ್ ಬೀರದೇವರೇ ಬಂದು ಅವಸರ ಮಾಡಿದರೂ ಏಳುವವಳಲ್ಲ.

ಇಂಥ ಗಟ್ಟಿ ಹೆಂಗಸಿನ ನಿದ್ದೆ ಕೆಡಿಸಿದವಳು ಮಗಳು ಶೈಲಾ. ನರ್ಸಿಂಗ್ ಕಲಿತು, ಇಸ್ರೇಲಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದಳು. ಅಲ್ಲಿ ಯುದ್ಧ ಶುರುವಾದಾಗ ತಾಯಿಗೆ ಧೈರ್ಯ ಹೇಳೋಣವೆಂದು ಫೋನ್ ಮಾಡಿದಳು.

“ಅಂಜಬ್ಯಾಡಬೇ ಯವ್ವಾ. ಬರೋ ಕ್ಷಿಪಣಿನ್ನ ಇವ್ರು ಭಾಳ ಮ್ಯಾಲ, ಗಾಳಿನೂ ಇಲ್ದ ಜಾಗಾದಾಗ ಹೊಡದ ಹಾಕ್ತಾರ. ಇಲ್ಲಿಂದ ಒಂದ ರಾಕೆಟ್ ಏರತೈತಿ. ಅದರ ತುದಿಯೊಳಗಿನ ಯಂತ್ರ ಕಾವು ನೋಡಿ ಗುರುತು ಹಿಡದು, ನೆಟ್ಟಗ ಹೋಗಿ ಡಿಕ್ಕಿ ಹೊಡೀತೈತಿ. ಮದ್ದು ಬ್ಯಾಡ, ಆ ರಭಸಕ್ಕ ಎರಡೂ ಪುಡಿಪುಡಿ.”

“ಬರೂದು ಆ ಕ್ಷಿಪಣಿ ಒಂದನೇನು?”

“ಒಮ್ಮೊಮ್ಮೆ ಕಣ್ಣು ತಪ್ಪಸಾಕ ಅದರ ಕೂಡ ಪೊಳ್ಳು ಬಲೂನೂ ಬಿಡತಾರಂತ. ಗಾಳಿ ಇಲ್ಲಲ್ಲ, ಹಗೂರಂದು ಭಾರಂದು ಎಲ್ಲಾ ಒಂದ ನಮೂನಿ ಹಾರತಾವು.”

ಬೀರವ್ವನಿಗೆ ತನ್ನ ಕಣವೇ ಕಣ್ಣಮುಂದೆ ಬಂತು. ಗಾಳಿಯಿಲ್ಲದ ಕಣದಲ್ಲಿ ಹೊಟ್ಟು ಯಾವುದು, ಕಾಳು ಯಾವುದು ಎಂದು ಬೇರೆ ಮಾಡುವವರು ಯಾರು? ಹೊಟ್ಟನ್ನು ಹೊಡೆದು ಕಾಳನ್ನು ಬಿಟ್ಟುಬಿಟ್ಟರೆ, ಅದು ಸೀದಾ ಮಗಳ ತಲೆಯ ಮೇಲೆಯೇ! ಅಂದಿನಿಂದ ಅವಳು ರಾತ್ರಿಯಿಡೀ ಎದ್ದು ಕೂರುತ್ತಿದ್ದಳು.

“ಅಲ್ಲಿ ಭಾಳ ಶಾಣ್ಯಾರು ಅದಾರ, ಸುಮ್ನಿರು” ಎಂದ ಗಂಡ ಮೈಲಾರಪ್ಪ.

“ಶಾಣ್ಯಾರಾದ್ರೂ ಗಾಳಿ ಇಲ್ದ ಹೆಂಗ ತೂರತಾರ್ರಿ?”

ಮೈಲಾರಪ್ಪನಿಗೂ ಒಳಗೊಳಗೇ ಹೆದರಿಕೆ ಹೊಕ್ಕಿತು.

ಒಂದು ಮುಂಜಾನೆ ಟಿವಿಯ ಕ್ಷಿಪಣಿ ದಾಳಿಯ ಸುದ್ದಿಯಲ್ಲಿ ಶೈಲಾ ಇದ್ದ ಊರಿನ ಹೆಸರೇ ಬಂತು. ಫೋನ್ ಹತ್ತಲಿಲ್ಲ. ಹೊಸ್ತಿಲ ಮೇಲೆ ಕೂರಬಾರದೆಂದು ಓಣಿಗೆಲ್ಲ ಬುದ್ಧಿ ಹೇಳುವ ಬೀರವ್ವ ಅಂದು ಹೊಸ್ತಿಲ ಮೇಲೆಯೇ ಕೂತಳು. ಮೈಲಾರಪ್ಪ ಚಹಾ ತಂದಿಟ್ಟರೂ ಮುಟ್ಟಲಿಲ್ಲ. ಬಿಸಿಲು ಪಡಸಾಲೆಗೆ ಬಂದಮೇಲೆ ಫೋನ್ ರಿಂಗಾಯಿತು.

“ಯವ್ವಾ, ಆರಾಮದೀನಿ. ಅಜ್ಜಿನ್ನ ಕರಕೊಂಡು ನೆಲಮನಿಯೊಳಗಿದ್ದೆ. ಅಲ್ಲಿ ಫೋನ್ ಹತ್ತಂಗಿಲ್ಲ.”

“ಮ್ಯಾಲ ಹೊಡದ್ರೇನು?” ಎಂದಳು ಬೀರವ್ವ.

“ಮ್ಯಾಲ ಒಂದ ತಪ್ಪಿಸಿಕೊಂತಂತ, ಕೆಳಗ ಹೊಡದ್ರು. ಕೆಳಗೂ ಇನ್ನೊಂದ ಕಾವಲ ಇರತೈತಿ. ಗಾಳಿಯೊಳಗ ಇಳದ ಮ್ಯಾಲ ಪೊಳ್ಳಿದ್ದದ್ದು ಹಿಂದ ಬೀಳತೈತಿ, ಗಟ್ಟಿದ್ದು ಮುಂದ ಬರತೈತಿ. ಗುರುತು ಸಿಗತೈತಿ.”

ಬೀರವ್ವ ಎದ್ದು ನಿಂತಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಬಂಡೆ ಉರುಳಿಬಿತ್ತು.

“ಖೋಡಿ! ಕೆಳಗ ಗಾಳಿ ಐತಿ ಅಂತ ಮೊದಲ ಹೇಳಾಕ ಏನಾಗಿತ್ತು ನಿನಗ?” ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಬೈಗುಳ ಮುಗಿಯುವ ಮೊದಲೇ ಅಳು ಬಂತು. ಆ ತುದಿಯಲ್ಲಿ ಮಗಳೂ ಅಳುತ್ತಿದ್ದಳು.