ನಲ್ಲಿಗೆ ಹಾಕಿದ ಮಡಿ ಸೀರೆ

ನಲ್ಲಿ ಬಿಚ್ಚುವ ಮುಂಚೆ ನೀರು ನಿಂತಿದೆಯೇ ಎಂದು ನೋಡಿಕೊಳ್ಳಬೇಕು. ಹಿತ್ತಾಳೆಗೆ ಸ್ಪ್ಯಾನರ್ ಹಾಕುವಾಗ ನಡುವೆ ಹಳೇ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಅಂಚು ಸವೆದು ಮುಂದಿನ ಸಲ ಹಿಡಿತ ಸಿಗುವುದಿಲ್ಲ. ತೊಟ್ಟಿಕ್ಕುತ್ತಿದೆ ಎಂದು ಹಿಡಿಯನ್ನು ರಟ್ಟೆ ಬಲದಿಂದ ತಿರುಗಿಸಬಾರದು. ತಪ್ಪು ಹಿಡಿಯದ್ದಲ್ಲ, ಒಳಗಿನ ವಾಷರಿನದ್ದು. ಇಷ್ಟನ್ನು ನನ್ನ ಮಕ್ಕಳಿಗೂ ಸೊಸೆಗೂ ಹೇಳಿಕೊಟ್ಟಿದ್ದೇನೆ. ಯಾರಿಂದ ಕಲಿತೆ ಎಂದರೆ ಸೈಕಲ್ ಅಂಗಡಿಯವರಿಂದ ಎನ್ನುತ್ತೇನೆ. ಯಾತಕ್ಕೆ ಕಲಿತೆ ಎಂಬುದನ್ನು ಮಾತ್ರ ಇಷ್ಟು ದಿನ ಯಾರಿಗೂ ಹೇಳಿಲ್ಲ.

ನಾನು ಶಿಡ್ಲಘಟ್ಟದ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಯಜಮಾನರು ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಬೆಳಗ್ಗೆ ಹೊರಟುಬಿಡುತ್ತಿದ್ದರು. ಅತ್ತೆ ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ನಾನು, ಮತ್ತು ಮಾವನವರ ಅಕ್ಕ. ಅವರನ್ನು ಯಜಮಾನರು ಅತ್ತೆ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಹನ್ನೆರಡು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಮರಳಿದವರು. ಮಡಿಗೆಂದು ಒಂದು ಕೆಂಪು ರೇಷ್ಮೆ ಸೀರೆ ಇತ್ತು. ಅದನ್ನುಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ದಿನವೂ ಬೆಳಗ್ಗೆ ದೇವಸ್ಥಾನಕ್ಕೆ ಹೋಗಿಬರುತ್ತಿದ್ದರು. ಅವರು ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಅದೊಂದಕ್ಕೇ.

ತಾವೇ ಸೇದಿದ ಬಾವಿ ನೀರನ್ನಲ್ಲದೆ ಅತ್ತೆ ಕುಡಿಯುತ್ತಿರಲಿಲ್ಲ. ನಾನು ಬಂದ ಎರಡನೇ ವರ್ಷ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಅವರ ಬಲ ಮುಂಗೈ ಮುರಿಯಿತು. ಮೂಳೆ ಕೂಡಿಕೊಂಡಿತು, ಹಗ್ಗ ಹಿಡಿಯುವ ಶಕ್ತಿ ಬರಲಿಲ್ಲ. ಅಂದಿನಿಂದ ನಾನೇ ಮಡಿಯುಟ್ಟು ಸೇದಿಕೊಡುತ್ತಿದ್ದೆ. ಆದರೆ ತಿಂಗಳಲ್ಲಿ ಮೂರು ದಿನ ನಾನು ಹಿತ್ತಿಲ ಕೋಣೆಯಲ್ಲಿ ದೂರ ಕೂರಬೇಕು. ಹಿಂದಿನ ದಿನ ತುಂಬಿಟ್ಟ ನೀರನ್ನು ಅವರು ಮುಟ್ಟುವುದಿಲ್ಲ, ಬೇರೆ ಮನೆಯವರು ಸೇದಿದ್ದೂ ಆಗದು. ಎಳನೀರು ಸಿಕ್ಕರೆ ಎಳನೀರು, ಇಲ್ಲದಿದ್ದರೆ ಒಣಬಾಯಿ. ಒಮ್ಮೆ ಬೇಸಿಗೆಯಲ್ಲಿ ಅವರು ಕಂಬಕ್ಕೊರಗಿ ಕೂತು ತುಟಿ ಸವರಿಕೊಳ್ಳುತ್ತಿದ್ದದ್ದನ್ನು ಕೋಣೆಯ ಬಾಗಿಲಿಂದ ನೋಡಿದೆ. ಅವರಿಂದ ಒಂದು ಮಾರು ದೂರದಲ್ಲಿ, ಯಜಮಾನರು ಹಾಕಿಸಿದ ಹೊಸ ನಲ್ಲಿ ಇತ್ತು.

"ಎಡಗೈಲಿ ತಿರುಗಿಸಿದ್ರೆ ನೀರು ಬರತ್ತಲ್ಲ ಅತ್ತೆ, ಕುಡೀಬಾರದಾ?" ಎಂದು ಅಲ್ಲಿಂದಲೇ ರೇಗಿದೆ.

"ಅದರೊಳಗೆ ಚರ್ಮ ಇದೆಯಂತೆ ಕಣೇ," ಎಂದರು ಅತ್ತೆ, ನೊಂದುಕೊಂಡಲ್ಲ, ಸುಮ್ಮನೆ ತಿಳಿಸುವಂತೆ.

ಚರ್ಮ ಇದ್ದದ್ದು ನಿಜ, ಆಗಿನ ವಾಷರುಗಳು ಚರ್ಮದವೇ. ನಾಲ್ಕನೇ ದಿನ ಸ್ನಾನ ಮಾಡಿದವಳೇ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವರು ಅಲೀಪುರದ ಕಡೆಯ ವಯಸ್ಸಾದ ಸಾಹೇಬರು, ಊರಿನ ಅರ್ಧ ನಲ್ಲಿಗಳನ್ನು ರಿಪೇರಿ ಮಾಡುತ್ತಿದ್ದವರು. ಅವರು ಮನೆಗೆ ಬಂದು ನಲ್ಲಿ ಮುಟ್ಟಿದರೆ ಅತ್ತೆಗೆ ಅದೂ ಆಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಬೇಸರ ತೋರದೆ ಅಂಗಡಿಯಲ್ಲಿದ್ದ ಒಂದು ಹಳೇ ನಲ್ಲಿಯನ್ನು ನನ್ನ ಮುಂದೆ ನಾಲ್ಕು ಸಲ ಬಿಚ್ಚಿ ಜೋಡಿಸಿದರು. "ಚರ್ಮದಷ್ಟು ಚೆನ್ನಾಗಿ ಇನ್ಯಾವ್ದೂ ಕೂರಲ್ಲಮ್ಮ. ಬೇಡ ಅಂದ್ರೆ ರಬ್ಬರ್ ಹಾಕಿ ನೋಡಿ," ಎಂದು ಟ್ಯೂಬಿನ ಒಂದು ತುಂಡನ್ನೂ ಸ್ಪ್ಯಾನರನ್ನೂ ಕೊಟ್ಟರು. ಆ ಮುದುಕರ ಮುಂದೆ ನನಗೆ ನಾಚಿಕೆಯಾಯಿತು ಎಂದು ಇಂದು ಬರೆಯುತ್ತೇನೆ. ಅಂದು ಥ್ಯಾಂಕ್ಸ್ ಕೂಡ ಹೇಳದೆ ಬಂದೆ.

ಸೈಕಲ್ ಟ್ಯೂಬು ಬೀದಿಯಲ್ಲಿ ಏನೇನು ತುಳಿದಿದೆಯೋ, ಬೇಡ ಎಂದರು ಅತ್ತೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೇನು ಬರ? ನೂಲು ತೆಗೆಯುವ ಮನೆಯಿಂದ ಒಂದು ಹಿಡಿ ಉಳಿಕೆ ರೇಷ್ಮೆ ತಂದೆ. ಎಷ್ಟೋ ಕೈ ಮುಟ್ಟಿದ್ದು, ಅದೂ ಬೇಡ. "ಹುಳು ಬೇಯಿಸಿ ತೆಗೆದ ನೂಲು ಮೈಮೇಲಾದ್ರೆ ಮಡಿ, ಚರ್ಮ ಮಾತ್ರ ಮೈಲಿಗೆಯಾ?" ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಯಾವಾಗಲೂ ಒಂದು ಹೆಜ್ಜೆ ಮುಂದೆ. ಸಂಜೆ ಅತ್ತೆ ತಮ್ಮ ಕೆಂಪು ಸೀರೆಯ ಒಳತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಎರಡು ಬೆರಳಗಲದ ಪಟ್ಟಿ ಸೀಳಿ, ಕಿಟಕಿಯ ಮೇಲಿಟ್ಟರು. "ಇದಾದ್ರೆ ಆಗತ್ತಾ ನೋಡು."

ಆಯಿತು. ಪಟ್ಟಿಯನ್ನು ಮಡಿಕೆ ಮೇಲೆ ಮಡಿಕೆ ಹಾಕಿ, ಒತ್ತಾಗಿ ಹೊಲಿದು, ದುಂಡಗೆ ಕತ್ತರಿಸಿ, ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ ಅದ್ದಿ, ಒಣಗಿಸಿ ಕೂರಿಸಿದೆ. ನೀರು ಬಂತು, ತಿರುಗಿಸಿದರೆ ನಿಂತಿತು. ಅತ್ತೆ ಎಡಗೈಯಲ್ಲಿ ತಂಬಿಗೆ ತುಂಬಿಕೊಂಡು ನಿಂತಲ್ಲೇ ಎತ್ತಿ ಕುಡಿದರು. ಊರಾಚೆಯ ಟ್ಯಾಂಕಿನಿಂದ ನಮ್ಮ ಅಂಗಳದವರೆಗೆ ಇನ್ನೆಷ್ಟು ಚರ್ಮ ಇತ್ತೋ, ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರೇಷ್ಮೆಯ ವಾಷರ್ ಹತ್ತು ಹನ್ನೆರಡು ದಿನ ತಡೆಯುತ್ತಿತ್ತು. ಆಮೇಲೆ ತೊಟ್ಟಿಕ್ಕಲು ಶುರು. ಅತ್ತೆ ಮತ್ತೊಂದು ಪಟ್ಟಿ ಸೀಳಿ ಕಿಟಕಿಯ ಮೇಲಿಡುವರು, ನಾನು ಹೊಲಿದು ಹಾಕುವೆ. ಒಂದು ತಿಂಗಳು, ಸರಿಯಾಗಿ ನಾನು ಹಿತ್ತಿಲ ಕೋಣೆಯಲ್ಲಿದ್ದಾಗ, ವಾಷರ್ ಪೂರಾ ಕಿತ್ತುಹೋಗಿ ಮೂರು ದಿನವೂ ಅಂಗಳದ ತುಂಬ ನೀರು ಹರಿಯಿತು. ನೀರು ಬಿಡುವವನು ಬಂದು, ಇನ್ನೊಂದು ಸಲ ಹೀಗೆ ಪೋಲಾದರೆ ಕನೆಕ್ಷನ್ ತೆಗೆಯುತ್ತಾರೆ ಎಂದು ಹೇಳಿ ಹೋದ. ತೆಗೆದರೆ ಅತ್ತೆಗೆ ಮತ್ತೆ ಒಣಬಾಯಿಯೇ. ಸ್ನಾನ ಮಾಡಿ ಬಂದವಳು, ಅತ್ತೆ ದೇವಸ್ಥಾನದಲ್ಲಿದ್ದಾಗ, ಬಿಚ್ಚಿ ಎತ್ತಿಟ್ಟಿದ್ದ ಆ ಹಳೇ ಚರ್ಮದ ವಾಷರನ್ನೇ ಮತ್ತೆ ಕೂರಿಸಿದೆ. ಒಂದು ಸಲಕ್ಕೆ ಎಂದುಕೊಂಡೆ.

ನಲ್ಲಿ ಆಮೇಲೆ ತೊಟ್ಟಿಕ್ಕಲೇ ಇಲ್ಲ. ಅತ್ತೆ ಮಾತ್ರ ಲೆಕ್ಕ ತಪ್ಪದೆ ಹತ್ತು ದಿನಕ್ಕೊಂದು ಪಟ್ಟಿ ಸೀಳಿಡುತ್ತಿದ್ದರು. "ಸೋರೋವರೆಗೂ ಕಾಯೋದು ಯಾಕೆ, ಮುಂಚೇನೇ ಬದಲಾಯಿಸಿಬಿಡು," ಎನ್ನುವರು. ನಾನು ಸ್ಪ್ಯಾನರ್ ಹಿಡಿದು ನಲ್ಲಿಯ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದೆ. ಪಟ್ಟಿಯನ್ನು ಕಾಫಿಪುಡಿಯ ಹಳೇ ಡಬ್ಬಿಯಲ್ಲಿ ಅಡಗಿಸುತ್ತಿದ್ದೆ. ಬೇಡ, ಸೀರೆ ಹರೀಬೇಡಿ ಎನ್ನಬೇಕಾದರೆ ಯಾಕೆ ಎಂದೂ ಹೇಳಬೇಕು. ಎಲ್ಲರ ಮುಂದೆಯೂ ಮುಂದಾಗುತ್ತಿದ್ದ ನನ್ನ ಬಾಯಿ ಅಲ್ಲಿ ಮಾತ್ರ ಏಳಲಿಲ್ಲ.

ಒಂದು ವರ್ಷದ ಹತ್ತಿರ ಹೀಗೇ ನಡೆಯಿತು. ಸೀರೆ ಒಂದು ಗಜಕ್ಕಿಂತ ಹೆಚ್ಚು ಕುಗ್ಗಿತು. ಸೆರಗು ಮೊದಲು ಹಣೆಯಿಂದ ನೆತ್ತಿಗೆ ಸರಿಯಿತು, ಆಮೇಲೆ ನೆತ್ತಿಗೂ ಎಟುಕಲಿಲ್ಲ. ಹೊಸ ಸೀರೆ ತರುತ್ತೇನೆ ಎಂದರು ಯಜಮಾನರು; "ಇನ್ನೆಷ್ಟು ದಿನಕ್ಕಪ್ಪ, ಬೇಡ," ಎಂದುಬಿಟ್ಟರು ಅತ್ತೆ. ಒಂದು ಬೆಳಗ್ಗೆ ಅತ್ತೆ ದೇವಸ್ಥಾನಕ್ಕೆ ಹೊರಟವರು ಹೊಸ್ತಿಲಲ್ಲಿ ನಿಂತು, ಸೆರಗನ್ನು ಎರಡು ಸಲ ಎಳೆದು ನೋಡಿ, ಬೋಳು ತಲೆಯನ್ನು ಅಂಗೈಯಿಂದ ಸವರಿಕೊಂಡು ಒಳಗೆ ಬಂದರು. ಮತ್ತೆ ಬೀದಿಗೆ ಇಳಿಯಲಿಲ್ಲ. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ. ಆಗಲೂ ಹೇಳಲಿಲ್ಲ.

ಆ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದರು. ಎಂಟನೇ ದಿನ ಬೆಳಗ್ಗೆ ಔಷಧ ಬೇಡವೆಂದು ತಲೆಯಾಡಿಸಿದರು. ಬಾವಿ ನೀರು ಸೇದಿ ತರುತ್ತೇನೆ ಎಂದು ಎದ್ದೆ.

"ಬಾವಿದು ಬೇಡ ಕಣೇ," ಎಂದರು. "ನಲ್ಲಿದು ಕೊಡು. ಅದು ನನ್ನ ಸೀರೆ ನೀರು."

ಅಂಗಳಕ್ಕೆ ಹೋದೆ. ನೀರು ಬರುವ ಹೊತ್ತು ಅದು, ಪೈಪು ತುಂಬಿತ್ತು. ಅಂಥ ಹೊತ್ತಿನಲ್ಲಿ ನಲ್ಲಿ ಬಿಚ್ಚಬಾರದು. ಬಿಚ್ಚಿದೆ. ನೀರು ಮುಖಕ್ಕೆ, ಎದೆಗೆ, ತಲೆಗೆ ಚಿಮ್ಮಿತು. ಡಬ್ಬಿಯಿಂದ ಒಂದು ಪಟ್ಟಿ ತೆಗೆದು, ಹೊಲಿಯಲು ಹೊತ್ತಿಲ್ಲದೆ ಹಾಗೇ ಸುತ್ತಿ, ಚರ್ಮ ಕಿತ್ತೆಸೆದು, ಅದನ್ನು ತುರುಕಿ ತಿರುಗಿಸಿದೆ. ಅತ್ತೆಗೆ ಏನಾದರೂ ಆಗಿಬಿಟ್ಟಿದ್ದರೆ ಎಂಬ ಹೆದರಿಕೆಯಲ್ಲೇ ಲೋಟ ಹಿಡಿದು ಒಳಗೆ ಬಂದೆ.

ಕಣ್ಣು ಬಿಟ್ಟು ನನ್ನನ್ನು ನೋಡಿದರು. ತೊಟ್ಟಿಕ್ಕುವ ಒದ್ದೆ ಸೀರೆ ನೋಡಿ, ನಾನು ಅವರಿಗಾಗಿ ಮಿಂದು ಬಂದೆನೆಂದು ತಿಳಿದರು. "ಇಷ್ಟು ಮಡಿಯಲ್ಲಿ ತಂದೆಯಾ," ಎಂದು ಎರಡು ಗುಟುಕು ಕುಡಿದರು. ಮಧ್ಯಾಹ್ನ ಹೋದರು.

ಹೊಲಿಗೆಯಿಲ್ಲದ ಆ ವಾಷರ್ ಮರುದಿನದಿಂದಲೇ ಸೋರತೊಡಗಿತು. ಹದಿಮೂರನೇ ದಿನದವರೆಗೆ ಬಂದ ನೆಂಟರೆಲ್ಲ, ಇದನ್ನೊಂದು ಸರಿ ಮಾಡಿಸಬಾರದೇ ಎಂದರು. ನಾನು ಕೆಳಗೆ ಬಿಂದಿಗೆ ಇಟ್ಟು, ತುಂಬಿದಾಗಲೆಲ್ಲ ತುಳಸಿಗೆ ಹೊಯ್ಯುತ್ತಿದ್ದೆ. ಡಬ್ಬಿಯಲ್ಲಿ ಇನ್ನೂ ಮೂವತ್ತು ಪಟ್ಟಿಗಳಿದ್ದವು. ಒಂದಕ್ಕೊಂದು ಸೇರಿಸಿ ಹೊಲಿದಿದ್ದರೆ ಅವರ ತಲೆ ಮುಚ್ಚುವಷ್ಟು ಸೆರಗಾಗುತ್ತಿತ್ತು.