ಟೇಪಿನ ಕೆಳಗಿನ ಕುಚ್ಚಿನ ಗಂಟು

ಪುಟ್ಟಿ, ಚಿನ್ನು, ಗಿಟಾರ್ ಅಂಗಡಿಯವನ ಮೇಲೆ ಅಜ್ಜಿಗೆ ಯಾಕಿಷ್ಟು ಸಿಟ್ಟು ಎಂದು ನೀವು ಕೇಳಿದಾಗೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗಿದ್ದೇನೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುತ್ತೇನೆ.

ನಿಮ್ಮ ತಾತ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಯಾದವಗಿರಿಯ ಆ ಅಂಗಡಿಯವನು ಒಮ್ಮೆ ಕೆಟ್ಟ ಪಿಕಪ್ ಒಂದನ್ನು ತಂದುಕೊಟ್ಟ. ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ಮಿಡಿತವನ್ನು ಸ್ಪೀಕರಿಗೆ ಕಳಿಸುವ ವಸ್ತು ಅದು. ಹಂಬಕರ್ ಎಂಬ ಬಗೆಯದರಲ್ಲಿ ಎರಡು ಸುರುಳಿಗಳಿರುತ್ತವೆ. ಅವನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಕರೆಂಟಿನ ಗುಂಯ್ ಸದ್ದು ಅಡಗುತ್ತದೆ. ತಾತ ಅದನ್ನು ರಿಪೇರಿ ಮಾಡಿದರು, ಆಮೇಲೆ ಹೊಸದನ್ನೇ ಮಾಡಿಕೊಡತೊಡಗಿದರು. ಅವರ ಕೈ ನಡುಗಲು ಶುರುವಾದ ಮೇಲೆ, ಕೂದಲಿಗಿಂತ ತೆಳ್ಳಗಿನ ಆ ತಂತಿಯನ್ನು ಸುತ್ತಿದ್ದು ನಾನು. ಹತ್ತು ವರ್ಷ. ಅಂಗಡಿಯವನು ಮಾತ್ರ ಎಲ್ಲವನ್ನೂ ತಾತನ ಕೈಕೆಲಸವೆಂದೇ ಮಾರುತ್ತಿದ್ದ.

ಆಗ ನಾನು ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಿದ್ದೆ. ಅವತ್ತಿನ ಸೀರೆಯ ರೇಷ್ಮೆ ಎಳೆಯಿಂದಲೇ ಸುರುಳಿಯ ಕೊನೆಗೆ ಕುಚ್ಚಿನ ಗಂಟು ಹಾಕಿ, ಮೇಲೆ ಕಪ್ಪು ಟೇಪ್ ಸುತ್ತುತ್ತಿದ್ದೆ. ಗಂಟು ಬೀಳದೆ ಕೆಲಸ ಮುಗಿದಂತೆ ಅನಿಸುತ್ತಿರಲಿಲ್ಲ. ಮಿಕ್ಕ ಎಳೆಗಳು ಡಬ್ಬಿ ಸೇರುತ್ತಿದ್ದವು.

ತಾತ ಹೋದ ಎರಡನೇ ತಿಂಗಳು ಪಿಕಪ್ ಕೊಡಲು ಹೋಗಿದ್ದೆ. ತಾತನನ್ನು ಅಣ್ಣ, ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದ ಅಂಗಡಿಯವನು ಒಳಗೆ ಗಿರಾಕಿಗಳಿಗೆ ಹೇಳುತ್ತಿದ್ದ.

"ಅಣ್ಣ ಹೋದ್ರು, ಆ ಕೈಯೂ ಹೋಯ್ತು ಕಣ್ರೀ. ಅತ್ತಿಗೆ ಸುತ್ತೋದು ಬಾವಿ ಹಗ್ಗ ಸುತ್ತಿದಂಗೆ."

ಎಲ್ಲರೂ ನಕ್ಕರು. ನಾನು ಮೆಟ್ಟಿಲ ಮೇಲೇ ಪೊಟ್ಟಣವಿಟ್ಟು ಬಂದೆ. ಆದರೆ ಕೊಡುವುದನ್ನು ನಿಲ್ಲಿಸಲಿಲ್ಲ. ಅವನು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಾರದಿತ್ತು.

ಆರು ತಿಂಗಳ ನಂತರ ಸಂಗೀತದ ಮೇಷ್ಟ್ರೊಬ್ಬರು ಅದೇ ಅಂಗಡಿಯಲ್ಲಿ ಕೊಂಡ ಫಾರಿನ್ ಪಿಕಪ್ ಒಂದನ್ನು ರಿಪೇರಿಗೆ ತಂದರು. ಟೇಪ್ ಬಿಚ್ಚಿದರೆ ಒಳಗೆ ನನ್ನದೇ ನೀಲಿ ಗಂಟು. ಸರಿಮಾಡಿ ಕೊಟ್ಟೆ. ಅಂಗಡಿಯವನು ಎಲ್ಲಾದರೂ ಪಿಕಪ್ ಹೋಲಿಸಿ ನುಡಿಸಿ ತೋರಿಸಿದರೆ ನನ್ನನ್ನೂ ಕರೆದುಕೊಂಡು ಹೋಗಿ ಎಂದಷ್ಟೇ ಕೇಳಿಕೊಂಡೆ.

ಅದು ಗೋಕುಲಂನ ಒಂದು ಕೆಫೆಯಲ್ಲಿ, ಯೋಗ ಕಲಿಯಲು ಬಂದ ವಿದೇಶಿಯರ ಮುಂದೆ ನಡೆಯಿತು. ಒಂದೇ ಬಗೆಯ ಮೂರು ಗಿಟಾರ್. ಒಂದರಲ್ಲಿ ಅಣ್ಣನ ಕಾಲದ ಪಿಕಪ್, ಒಂದರಲ್ಲಿ ಫಾರಿನ್, ಒಂದರಲ್ಲಿ ಅತ್ತಿಗೆಯದು ಎಂದು ಅಂಗಡಿಯವನು ಹೇಳಿದ. ಮೇಷ್ಟ್ರು ನುಡಿಸಿದರು. ಮೊದಲನೆಯದರ ಸುತ್ತು ಹೆಚ್ಚು. ಸದ್ದು ದಪ್ಪ, ಎಲ್ಲ ತಂತಿ ಒಟ್ಟಿಗೆ ಮೀಟಿದರೆ ಕಲಸಿಹೋಗುತ್ತಿತ್ತು. ಮೂರನೆಯದರ ಸುತ್ತು ಕಡಿಮೆ, ಸದ್ದು ಚೂಪು, ಜೋರು ಹಾಡಿಗೆ ಮೈ ಸಾಲದು. ನಡುವಿನದು ಜೋರಿಗೂ ತುಂಬಿ ಬರುತ್ತಿತ್ತು. ಗುಂಡಿ ಎಳೆದು ಒಂದು ಸುರುಳಿಯನ್ನು ಸುಮ್ಮನಾಗಿಸಿದರೆ ಗಂಟೆಯ ಹಾಗೆ ತಿಳಿಯಾಗುತ್ತಿತ್ತು. ಎಲ್ಲರೂ ಅದನ್ನೇ ಮೆಚ್ಚಿದರು. ಫಾರಿನ್ ಅಂದರೆ ಫಾರಿನ್ನೇ ಎಂದು ಅವನು ಬೀಗಿದ.

ನಾನು ಎಳೆಗಳ ಡಬ್ಬಿ ಹಿಡಿದು ಎದ್ದು ನಿಂತೆ.

"ಮೂರರ ಟೇಪೂ ಬಿಚ್ಚಿ, ಮೇಷ್ಟ್ರೇ."

ಅಂಗಡಿಯವನು ಬೇಡವೆಂದ. ಮೇಷ್ಟ್ರು ಪಿಕಪ್ಪುಗಳನ್ನು ಹೊರತೆಗೆದು ಬಿಚ್ಚಿದರು. ಬದನೆ ಬಣ್ಣ, ಗಿಣಿಹಸಿರು, ಕುಂಕುಮ ಕೆಂಪು, ಮೂರು ಗಂಟುಗಳು. ನಾನು ಡಬ್ಬಿ ತೆರೆದು ಅದೇ ಬಣ್ಣದ ಎಳೆಗಳನ್ನು ಒಂದೊಂದರ ಪಕ್ಕದಲ್ಲಿಟ್ಟೆ. ಅವನ ಮುಖದ ನೆತ್ತರು ಇಳಿಯುವುದನ್ನು ಕಣ್ತುಂಬ ನೋಡಿದೆ.

"ಅತ್ತಿಗೆ, ಮನೇಗೆ ಬಂದು ಮಾತಾಡ್ತೀನಿ, ಬುಡಿ ಈಗ," ಎಂದ.

"ಜನದ ಮುಂದೆ ಅಂದಿದ್ದನ್ನ ಜನದ ಮುಂದೇನೇ ವಾಪಸ್ ತಗೊಳ್ಳಪ್ಪ."

ತಲೆ ತಗ್ಗಿಸಿ, ಹತ್ತು ವರ್ಷದ ಕೆಲಸವೂ ನನ್ನದೇ ಎಂದು ಹೇಳಿದ. ಆಮೇಲೆ ಮೂರು ಸಲ ಮನೆಗೆ ಬಂದ. ಕಾಫಿ ಕೊಟ್ಟೆ, ಪಿಕಪ್ ಕೊಡಲಿಲ್ಲ. ಈಗ ಮೇಷ್ಟ್ರ ಶಿಷ್ಯರಿಗೆ ಮಾತ್ರ ಸುತ್ತುತ್ತೇನೆ. ಅವನ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತೇನೆ.

ಆ ಮೂರು ಎಳೆಗಳನ್ನು ಈ ಹಾಳೆಗಳಿಗೇ ಹೊಲಿದಿದ್ದೇನೆ. ಒದ್ದೆಯಾಗದಂತೆ, ಇಲಿ ಮುಟ್ಟದಂತೆ ಇಟ್ಟುಕೊಳ್ಳಿ. ನಾನು ಹೋದ ಮೇಲೆ ಅವನು ಬಂದು, ಅತ್ತಿಗೆ ನನ್ನನ್ನು ಕ್ಷಮಿಸಿದ್ದರು ಎಂದರೆ, ಈ ಹಾಳೆಗಳನ್ನು ತೆಗೆದು ತೋರಿಸಬೇಕಾಗುತ್ತದೆ.